ತನ್ನಷ್ಟಕ್ಕೆ ಮುಚ್ಚುವ ಬಾಗಿಲು

ನಮ್ಮ ಗಜನಿ ಗದ್ದೆಗಳಿಗೆ ಹೊಸ ಬಾಗಿಲು ಬಂದದ್ದು ನಾನು ಬರೆದ ಅರ್ಜಿಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದದ್ದಕ್ಕೆಲ್ಲ ಊರಿನವರು ಹೊನ್ನಣ್ಣನ ಹೆಸರು ಹೇಳುತ್ತಾರೆ, ಪುಟ್ಟುಮಾವನ ಹೆಸರು ಹೇಳುತ್ತಾರೆ, ಕೆಲವರು ಇಂಜಿನಿಯರನನ್ನೂ ಬೈಯುತ್ತಾರೆ. ನನ್ನ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ. ಭಾರತಿ ಓದಿದವಳು ಎಂಬ ಮರ್ಯಾದೆ. ಆ ಮರ್ಯಾದೆ ಈಗ ಹಸಿ ಬಟ್ಟೆಯ ಹಾಗೆ ನನ್ನ ಮೈಗೆ ಅಂಟಿಕೊಂಡಿದೆ.

ಮಂಜಗುಣಿಯ ಹತ್ತಿರ ಗಂಗಾವಳಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ನದಿಯ ನೀರೂ ಉಪ್ಪು. ದಿನಕ್ಕೆ ಎರಡು ಸಲ ಭರತ ಏರುತ್ತದೆ, ಎರಡು ಸಲ ಇಳಿಯುತ್ತದೆ. ನದಿಗೂ ನಮ್ಮ ಗದ್ದೆಗಳಿಗೂ ನಡುವೆ ಮುಕ್ಕಾಲು ಮೈಲಿ ಉದ್ದದ ಮಣ್ಣಿನ ಒಡ್ಡು ಇದೆ. ಒಡ್ಡಿನ ಒಳಗಿನ ತಗ್ಗು ಭೂಮಿಗೆ ಗಜನಿ ಅನ್ನುತ್ತೇವೆ. ಮೂವತ್ತೆಂಟು ಮನೆಯವರು ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತೇವೆ. ಕಗ್ಗ ಗಟ್ಟಿ ಜೀವ. ಒಂದೆರಡು ದಿನ ಉಪ್ಪುನೀರು ನಿಂತರೂ ತಡೆದುಕೊಳ್ಳುತ್ತದೆ. ಮೂರನೆಯ ದಿನಕ್ಕೆ ಅದೂ ಕೈಬಿಡುತ್ತದೆ.

ಒಡ್ಡಿನಲ್ಲಿ ಒಂದು ಕಡೆ ಕಲ್ಲಿನ ಚೌಕಟ್ಟು, ಅದಕ್ಕೆ ಮರದ ಹಲಗೆಗಳು. ಊರಿನವರು ಜಂತ್ರಡಿ ಅನ್ನುವ ಬಾಗಿಲು ಅದೇ. ನದಿ ಇಳಿದಾಗ ಹಲಗೆ ಎತ್ತಿ ಗದ್ದೆಯ ಮಳೆನೀರು ಹೊರಗೆ ಬಿಡಬೇಕು. ಭರತ ಏರುವ ಮೊದಲು ಹಲಗೆ ಇಳಿಸಿ ಉಪ್ಪುನೀರು ತಡೆಯಬೇಕು. ಕೆಲಸ ಇಷ್ಟೇ. ಆದರೆ ಭರತ ನಮ್ಮ ಗಡಿಯಾರ ಕೇಳುವುದಿಲ್ಲ, ದಿನಕ್ಕೆ ಮುಕ್ಕಾಲು ತಾಸು ತಡವಾಗುತ್ತ ಹೋಗುತ್ತದೆ. ಇಂದು ಊಟದ ಹೊತ್ತಿಗೆ ಬಂದದ್ದು ವಾರದ ಮೇಲೆ ಕೋಳಿ ಕೂಗುವ ಹೊತ್ತಿಗೆ ಬರುತ್ತದೆ. ಅದರ ಹಿಂದೆ ಓಡುವ ಕೆಲಸ ಹೊನ್ನಣ್ಣನದಾಗಿತ್ತು. ಅವನಿಗಿಂತ ಮೊದಲು ಅವನ ಅಪ್ಪನದು. ಕೊಯ್ಲಾದ ಮೇಲೆ ಪ್ರತಿ ಮನೆಯವರೂ ಅವನಿಗೆ ಒಂದು ಕೊಳಗ ಭತ್ತ ಅಳೆದು ಕೊಡುತ್ತಿದ್ದರು. ಬಾಗಿಲ ಪಾಲು ಎಂದೇ ಅದಕ್ಕೆ ಹೆಸರು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಹೊನ್ನಣ್ಣನಿಗೆ ಜ್ವರ ಬಂದು ನಾಲ್ಕು ದಿನ ಮಲಗಿದ. ಬದಲಿಗೆ ಹೋದವರು ಹಲಗೆ ಇಳಿಸುವುದು ಮರೆತರು. ಹನ್ನೆರಡು ಗದ್ದೆಗೆ ಉಪ್ಪು ಹತ್ತಿತು. ನಾನು ಆಗಷ್ಟೇ ಗಜನಿ ರೈತರ ಸಂಘದ ಕಾರ್ಯದರ್ಶಿ ಆಗಿದ್ದೆ. ಪಿಯುಸಿ ಪಾಸಾದ ಸೊಸೆ ಊರಿಗೆ ಬಂದರೆ ಯಾವುದಾದರೂ ಒಂದು ಸಂಘದ ಕಾರ್ಯದರ್ಶಿ ಆಗಲೇಬೇಕು, ತಪ್ಪಿಸಿಕೊಳ್ಳಲು ಬರುವುದಿಲ್ಲ. ನನಗೆ ಸಿಟ್ಟು ಬಂದಿತ್ತು. ಒಬ್ಬನ ಜ್ವರಕ್ಕೆ ಮೂವತ್ತೆಂಟು ಮನೆಯ ಅನ್ನ ಕಟ್ಟಿಹಾಕಿಡುವುದು ಯಾವ ಕಾಲದ ಪದ್ಧತಿ? ಕಾರವಾರದ ಕಚೇರಿಗೆ ಅರ್ಜಿ ಬರೆದೆ. ಸುಮ್ಮನೆ ಬಿಡಲಿಲ್ಲ, ನಾಲ್ಕು ಸಲ ಬಸ್ಸು ಹತ್ತಿ ಹೋಗಿ ಕೂತೆ. ಮರುವರ್ಷದ ಬೇಸಿಗೆಯಲ್ಲಿ ಕಬ್ಬಿಣದ ಬಾಗಿಲು ಬಂತು.

ಅದು ನಿಜಕ್ಕೂ ಚಂದದ ಬಾಗಿಲು. ಮೇಲ್ಗಡೆ ತಿರುಗಣಿ, ಕೆಳಗೆ ಜೋತುಬಿದ್ದ ದಪ್ಪ ತಗಡು. ಗದ್ದೆಯ ನೀರು ಹೆಚ್ಚಿದ್ದರೆ ಅದು ತಗಡನ್ನು ಹೊರಗೆ ತಳ್ಳಿಕೊಂಡು ನದಿಗೆ ಹೋಗುತ್ತದೆ. ನದಿಯ ನೀರು ಹೆಚ್ಚಾದರೆ ಅದೇ ತಗಡನ್ನು ಒತ್ತಿ ಮುಚ್ಚುತ್ತದೆ. ಕರೆಂಟು ಬೇಡ, ಎಣ್ಣೆ ಬೇಡ, ಮನುಷ್ಯ ಬೇಡ.

ಉದ್ಘಾಟನೆಯ ದಿನ ಹುಬ್ಬಳ್ಳಿ ಕಡೆಯ ಆ ಇಂಜಿನಿಯರ ಭಾಷಣ ಮಾಡಿದ. "ಇನ್ನು ಮುಂದೆ ನಿಮ್ಮ ಬಾಗಿಲು ಸಂಪೂರ್ಣ ಆಟೊಮೆಟಿಕ್," ಅಂದ. ಜನ ನನ್ನ ಮುಖ ನೋಡಿದರು. ಆ ಮಾತು ಯಾರಿಗೂ ಹೊಸತಲ್ಲ, ಅಂಕೋಲೆಯ ವಾಚಿನ ಅಂಗಡಿಯಲ್ಲಿ ಕೇಳಿದ್ದೇ. ಆದರೆ ಗಜನಿ ಆಟೊಮೆಟಿಕ್ ಆಗುವುದು ಅಂದರೆ ಏನು? ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

"ಯಾವ ಕೆಲ್ಸಕ್ಕೆ ಪ್ರತಿ ಸಲ ಒಬ್ರು ಬಂದು ಕೈ ಹಾಕ್ಬೇಕಿತ್ತೋ, ಅದು ಕೈ ಇಲ್ದೇ ಆಗೂ ಹಾಂಗೆ ಮಾಡೂದು. ಅಷ್ಟೇಯ. ಒಂದು ಸಲ ವ್ಯವಸ್ಥೆ ಮಾಡಿಟ್ರೆ ಕಡಿಗೆ ಅದು ತನ್ನಷ್ಟಕ್ಕೆ ಆಗ್ತಾ ಹೋಗ್ತದೆ. ಯಾರೂ ನೆನಪಿಟ್ಕಳೂದು ಬೇಡ."

ಚಪ್ಪಾಳೆ ಬಿತ್ತು. ಹೊನ್ನಣ್ಣನ ಹೆಂಡತಿ ಬೀರಕ್ಕ ಹೆಂಗಸರ ಗುಂಪಿನಿಂದ ಕೇಳಿದಳು, "ಇವತ್ತು ಹುಣ್ಣಿಮೆ, ನೀರು ಜಾಸ್ತಿ ಬತ್ತದೆ ಅಂತ ಅದಕ್ಕೆ ಹೇಳೋರು ಯಾರೇ ತಂಗೀ?"

"ನೀರೇ ಹೇಳ್ತದೆ ಬೀರಕ್ಕ."

ಎಲ್ಲರೂ ನಕ್ಕರು. ಹೊನ್ನಣ್ಣನೂ ನಕ್ಕ. ಅವನು ಆಗಲೇ ಕೆಸರಿಗಿಳಿದು ತಗಡನ್ನು ಎರಡೂ ಕೈಯಿಂದ ತಳ್ಳಿ ನೋಡುತ್ತಿದ್ದ. ಬಿಟ್ಟ ಕೂಡಲೇ ಅದು ಢಬ್ ಎಂದು ಸ್ವಸ್ಥಾನಕ್ಕೆ ಬಂದು ಕೂತಿತು. ಇನ್ನೊಂದು ಸಲ ತಳ್ಳಿದ, ಮತ್ತೆ ಢಬ್. "ಅಬ್ಬಾ, ಚಲೋ ಮಾಡಿರು!" ಎಂದು ಇಂಜಿನಿಯರನನ್ನು ನೋಡಿ ತಲೆದೂಗಿದ. ತನ್ನ ಕೆಲಸ ಕಸಿದುಕೊಂಡ ವಸ್ತುವನ್ನು ಮನುಷ್ಯ ಅಷ್ಟು ಸಂತೋಷದಿಂದ ನೋಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷದ ಮೊದಲ ಸಭೆಯಲ್ಲೇ ಬಾಗಿಲ ಪಾಲು ನಿಂತಿತು. ಸಂಘದ ಅಧ್ಯಕ್ಷ ಪುಟ್ಟುಮಾವ, ನನ್ನ ಗಂಡನ ಚಿಕ್ಕಪ್ಪ, ವಿಷಯ ಎತ್ತಿದ. ಬಾಗಿಲು ತನ್ನಷ್ಟಕ್ಕೆ ಮುಚ್ಚುತ್ತದೆ ಅಂದ ಮೇಲೆ ಪಾಲು ಯಾರಿಗೆ, ಯಾಕೆ ಎಂದು ಕೇಳಿದ.  ಹೊನ್ನಣ್ಣ ತಲೆಯಾಡಿಸಿದ. "ಹೌದು ಮತ್ತೆ, ಕೆಲ್ಸ ಇಲ್ದೇ ತಕಳೂಕೆ ನಂಗೂ ಮನಸ್ಸು ಬರೂದಿಲ್ಲ," ಅಂದ. ಠರಾವು ಬರೆದವಳು ನಾನು. ಅಕ್ಷರ ದುಂಡಗೆ ಬಂದಿದೆ ಎಂದು ಪುಟ್ಟುಮಾವ ಹೊಗಳಿದ್ದೂ ನೆನಪಿದೆ.

ಪಾಲು ನಿಂತಿತು, ಹೊನ್ನಣ್ಣನ ಕಾಲು ನಿಲ್ಲಲಿಲ್ಲ. ಅವನ ಮನೆ ಒಡ್ಡಿನ ಬಡಗಣ ತುದಿಯಲ್ಲಿ. ಬಾಗಿಲಿರುವುದು ತೆಂಕಣ ತುದಿಗೆ ಹತ್ತಿರ. ದಿನಕ್ಕೆರಡು ಸಲ ಇಡೀ ಒಡ್ಡಿನ ಮೇಲೆ ನಡೆದು ಬರುವುದು, ಬಾಗಿಲ ಹತ್ತಿರ ಕೂತು ಒಂದು ಬೀಡಿ ಸೇದುವುದು, ತಿರುಗಿ ಹೋಗುವುದು. ಹೊಸ ಬಾಗಿಲು ಹಾಕುವಾಗ ಜೀಪು ಬರಲೆಂದು ಊರಿನ ಕಡೆಯಿಂದ ದಾರಿ ಮಾಡಿದ್ದರು. ನಾವೆಲ್ಲ ಬಾಗಿಲು ನೋಡಬೇಕಾದರೆ ಆ ದಾರಿಯಿಂದ ಹೋಗಿ ಬರುತ್ತಿದ್ದೆವು. ಒಡ್ಡಿನ ಮೇಲೆ ನಡೆಯುವವನು ಅವನೊಬ್ಬನೇ.

"ಎಂತಕೆ ಹೊನ್ನಣ್ಣ ಸುಮ್ನೆ ಕಾಲು ಸವೆಸ್ತ್ರಿ?" ಎಂದು ಒಮ್ಮೆ ಕೇಳಿದೆ.

"ಎಂತಕೂ ಅಲ್ಲ ತಂಗೀ. ಭರ್ತಿ ಹೊತ್ತಿಗೆ ಕಾಲು ತಾನೇ ಎದ್ಕಂಡು ಬತ್ತದೆ."

ಆ ವರ್ಷದ ಬೆಳೆ ನೀವು ನೋಡಬೇಕಿತ್ತು. ಒಂದು ಗದ್ದೆಗೂ ಉಪ್ಪು ತಾಗಲಿಲ್ಲ. ಆಳೆತ್ತರದ ಕಗ್ಗ ಗಾಳಿಗೆ ಒಂದೇ ಬದಿಗೆ ವಾಲಿಕೊಂಡು ನಿಂತಿತ್ತು. ಪಕ್ಕದ ಊರಿನವರು ಬಾಗಿಲು ನೋಡಲು ಬಂದರು. ಪತ್ರಿಕೆಯವನೊಬ್ಬ ಫೋಟೊ ತೆಗೆದ, ಬಾಗಿಲ ಪಕ್ಕದಲ್ಲಿ ನಾನು. ಫೋಟೊದ ಮೂಲೆಯಲ್ಲಿ, ಒಡ್ಡಿನ ಮೇಲೆ ದೂರದಲ್ಲಿ, ಒಂದು ಮಸುಕು ಆಕೃತಿ ನಡೆದು ಬರುತ್ತಿದೆ. ಅದನ್ನು ನಾನು ಎರಡು ವರ್ಷ ಗಮನಿಸಿರಲಿಲ್ಲ. ನಾನು ನೋಡುತ್ತಿದ್ದದ್ದು ನನ್ನನ್ನು.

ಮುಂದಿನ ಜೂನಿನಲ್ಲಿ ಎಡವಟ್ಟಾಯಿತು. ಒಂದು ಬೆಳಿಗ್ಗೆ ಪುಟ್ಟುಮಾವ ಬಾಗಿಲಿಗೆ ಹೋದಾಗ ತಗಡಿನ ಸಂದಿಯಲ್ಲಿ ಮೊಣಕೈ ಗಾತ್ರದ ಒಂದು ಕೋಲು ಸಿಕ್ಕಿಕೊಂಡಿತ್ತು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಂದು ಭರತದ ನೀರು ಒಳಗೆ ಬಂದು ಬಾಗಿಲ ಹತ್ತಿರದ ಅವನ ಗದ್ದೆಯ ಮೊಳಕೆ ಕಂದಿತ್ತು. ಕೋಲನ್ನು ಹಿಡಿದುಕೊಂಡೇ ನಮ್ಮ ಮನೆ ಅಂಗಳಕ್ಕೆ ಬಂದ.

"ಇದು ಯಾರ ಕೆಲ್ಸ ಅಂತ ನಾ ಹೇಳ್ಬೇಕಾ? ದಿನಾ ಅಲ್ಲಿ ಹೋಗಿ ಕೂತ್ಕಳೋರು ಯಾರು? ಬಾಗ್ಲು ಕೆಟ್ರೆ ಪಾಲು ತಿರುಗಿ ಬತ್ತದೆ, ಅಷ್ಟೇಯ ಲೆಕ್ಕ."

"ಹೊನ್ನಣ್ಣ ಅಂಥೋನಲ್ಲ ಮಾವ."

"ಅಲ್ದಿದ್ರೆ ಅಲ್ಲಿ ಎಂತಾ ಮಾಡ್ತ ಹೇಳು. ನೀ ಓದ್ದೋಳು, ಹೇಳು ಕಾಂಬ."

 ಹೊನ್ನಣ್ಣ ಅಲ್ಲಿ ಏನು ಮಾಡುತ್ತಾನೆ? ಬೀಡಿ ಸೇದುತ್ತಾನೆ. ಸಂಜೆಯೊಳಗೆ ಮಾತು ಅಂಗಡಿ ಮುಟ್ಟಿತು. ನಾಳೆ ಯಾರಾದರೂ ಅವನ ಮುಖಕ್ಕೇ ಹೇಳುತ್ತಾರೆ ಎಂದು ನನಗೆ ಹೆದರಿಕೆಯಾಯಿತು. ಅವನನ್ನು ಆ ಅವಮಾನದಿಂದ ಉಳಿಸಬೇಕೆಂದು ನಾನೇ ಅವನ ಮನೆಗೆ ಹೋದೆ. ಒಳ್ಳೆಯ ಮನಸ್ಸಿನಿಂದಲೇ ಹೋದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅಂಕೋಲೆಯಲ್ಲಿ ಹೆಂಗಸರ ಸ್ವಸಹಾಯ ಸಂಘದ ಸಭೆ ಇತ್ತು, ಬಸ್ಸಿನ ಹೊತ್ತಾಗಿತ್ತು, ಮಳೆ ಬೇರೆ ಶುರುವಾಗಿತ್ತು. ಅಂಗಳದಲ್ಲೇ ಛತ್ರಿ ಹಿಡಿದುಕೊಂಡು ನಿಂತು ಮಾತಾಡಿದೆ.

"ಹೊನ್ನಣ್ಣ, ಇನ್ನು ನೀವು ಬಾಗ್ಲ ಬದಿಗೆ ಹೋಗೂದು ಬೇಡ. ಜನ ಬಾಯಿಗೆ ಬಂದ ಹಾಂಗೆ ಮಾತಾಡ್ತ್ರು. ಒಡ್ಡಿನ ಮೇಲೆ ಕಾಣಿಸ್ಕಳೂದೇ ಬೇಡ."

ಅವನು ಬಲೆಯ ದಾರ ಹೆಣೆಯುತ್ತಿದ್ದ. ಕೈ ನಿಲ್ಲಿಸಿ ನನ್ನನ್ನು ನೋಡಿದ. ಬೀರಕ್ಕ ಒಳಗಿನಿಂದ ಬಂದು ಕಂಬ ಹಿಡಿದು ನಿಂತಳು.

"ಬಾಗ್ಲು ಮುಚ್ಕಂತದೆ, ಅದು ಸೈ," ಅಂದ ಅವನು ನಿಧಾನಕ್ಕೆ. ಆಮೇಲೆ ಗದ್ದವನ್ನು ಒಡ್ಡಿನ ಕಡೆಗೆ ಎತ್ತಿ ಕೇಳಿದ, "ಆ ಬದಿಗೂ ಅದೇಯಾ?"

ಬಸ್ಸಿನ ಹಾರ್ನು ಕೇಳಿದ ಹಾಗಾಯಿತು. "ಎಲ್ಲಾ ಅದೇ ನೋಡ್ಕಂತದೆ ಹೊನ್ನಣ್ಣ. ನೀವು ಆರಾಮಿರಿ," ಎಂದು ಹೇಳಿ ಓಡಿದೆ.

ಅವತ್ತಿನಿಂದ ಹೊನ್ನಣ್ಣ ಒಡ್ಡಿನ ಮೇಲೆ ಕಾಲಿಡಲಿಲ್ಲ. ಹದಿನೈದು ದಿನದಲ್ಲಿ ಬೇಲೆಕೇರಿ ರಸ್ತೆಯಲ್ಲಿ ಕೆಲಸ ಹಿಡಿದ. ಬಂದರಿಗೆ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲ ಅದು. ಒಂದು ತಿರುವಿನಲ್ಲಿ ನಿಂತು ಕೆಂಪು ಬಾವುಟ, ಹಸಿರು ಬಾವುಟ ತೋರಿಸುವುದು. ಬಸ್ಸಿನಿಂದ ಒಂದೆರಡು ಸಲ ಕಂಡೆ. ಅದಿರಿನ ಕೆಸರು ಸಿಡಿದು ಹುಬ್ಬೂ ಮೀಸೆಯೂ ಕೆಂಪಾಗಿತ್ತು. ಅವನು ಕೈ ಎತ್ತಿದ್ದು ನನಗೋ ಲಾರಿಗೋ ಗೊತ್ತಾಗಲಿಲ್ಲ. ಪೇಟೆಯ ಸಂಬಳ ಸಿಕ್ಕಿತಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ನಮ್ಮ ಮನಸ್ಸಿಗೆ ಸಮಾಧಾನ ಬೇಕಾದಾಗ ಬೇರೆಯವರ ಒಳ್ಳೆಯದು ನಮಗೆ ಬೇಗ ಕಾಣುತ್ತದೆ.

ಅನಂತನ ಹುಣ್ಣಿಮೆಯ ದಿನ, ಕಗ್ಗ ತೆನೆ ಕಟ್ಟುತ್ತಿದ್ದ ಹೊತ್ತು, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಡ್ಡು ಒಡೆಯಿತು.

ಕೂಗು ಕೇಳಿ ಎಲ್ಲರೂ ಬಾಗಿಲಿಗೇ ಓಡಿದೆವು. ತಪ್ಪೇನಾದರೂ ಆಗಿದ್ದರೆ ಅಲ್ಲೇ ಆಗಿರಬೇಕು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಬಾಗಿಲು ಭದ್ರವಾಗಿ ಮುಚ್ಚಿತ್ತು. ಒಂದು ತೊಟ್ಟು ನೀರೂ ಸೋರುತ್ತಿರಲಿಲ್ಲ. ಅಲ್ಲಿಂದ ನೂರಿನ್ನೂರು ಮಾರು ಆಚೆ, ಕೇದಿಗೆ ಹಿಂಡಿನ ಹತ್ತಿರ, ಒಡ್ಡು ಎರಡು ಗಾಡಿ ಅಗಲ ಬಾಯಿ ಬಿಟ್ಟಿತ್ತು. ಗಂಗಾವಳಿ ಕೆಂಪಗೆ, ಸದ್ದು ಮಾಡುತ್ತ ಗದ್ದೆಗೆ ನುಗ್ಗುತ್ತಿತ್ತು. ಒಡೆದ ಅಂಚಿನ ಮಣ್ಣು ನೋಡಿದೆ. ಏಡಿಯ ತೂತುಗಳು, ಒಂದರ ಪಕ್ಕ ಒಂದು, ಒಂದರೊಳಗೆ ಒಂದು. ನದಿಯ ಬದಿಯಿಂದ ಗದ್ದೆಯ ಬದಿಗೆ ನೀರಿಗೆ ದಾರಿ ಕೊರೆದಿಟ್ಟಿದ್ದವು.

"ಒಡ್ಡು ಯಾರು ನೋಡ್ಬೇಕಿತ್ತು?" ಎಂದು ಯಾರೋ ಕೇಳಿದರು.

ನನಗೆ ಕಾರವಾರದ ಕಾಗದ ನೆನಪಾಯಿತು. ಮೂರನೆಯ ಪುಟದಲ್ಲಿ ಒಂದು ಸಾಲು, ಒಡ್ಡಿನ ನಿರ್ವಹಣೆ ಸಂಘದ ಜವಾಬ್ದಾರಿ. ಕೆಳಗೆ ನನ್ನ ಸಹಿ. ಸಹಿ ಹಾಕುವಾಗ ಆ ಸಾಲು ಓದಿದ್ದೆ. ಒಡ್ಡಿಗೆ ನಿರ್ವಹಣೆ ಏನು ಬಂತು, ಅಪ್ಪ ಅಜ್ಜನ ಕಾಲದಿಂದ ನಿಂತಿದೆಯಲ್ಲ ಎಂದುಕೊಂಡು ಪುಟ ತಿರುವಿದ್ದೆ. ಅದು ನಿಂತಿರಲಿಲ್ಲ, ಯಾರೋ ನಿಲ್ಲಿಸಿದ್ದರು. ಈ ಮಾತು ನೀರು ನುಗ್ಗುವ ಆ ಸದ್ದಿನಲ್ಲಿ ನನ್ನ ತಲೆಗೆ ಹೊಳೆಯಿತು. 

ಪುಟ್ಟುಮಾವ ಬಾಯಿ ತೆರೆದ. "ಆ ಹೊನ್ನುವೇ..."

"ಮಾವ, ಅವ್ನ ಹೆಸ್ರು ಎತ್ತಬೇಡಿ," ಎಂದು ಕಿರುಚಿದೆ. ಹಿರಿಯರ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. "ಅವ್ನನ್ನ ಕರ್ಕಬರೂದು ಬಿಟ್ಟು ಬೇರೆ ದಾರಿ ಇಲ್ಲ."

ಭರತ ಇಳಿಯಲು ಶುರುವಾಗುವ ಹೊತ್ತು. ಸಂಜೆ ಆರರವರೆಗೆ ನದಿ ಇಳಿಯುತ್ತದೆ, ಆಮೇಲೆ ಮತ್ತೆ ಏರುತ್ತದೆ. ಅಷ್ಟರೊಳಗೆ ಒಡ್ಡು ಕಟ್ಟದಿದ್ದರೆ ಇನ್ನೊಂದು ಹುಣ್ಣಿಮೆ ಭರತ ಒಳಗೆ ಬರುತ್ತದೆ, ನಾಳೆ ಮತ್ತೊಂದು. ನನ್ನ ಗಂಡ ಸುನಿಲ ಸ್ಕೂಟರ್ ತೆಗೆದ. ನಾನು ಹಿಂದೆ ಕೂತೆ, ಬೇಲೆಕೇರಿ ರಸ್ತೆಗೆ ಹೊರಟೆವು. ಹೊನ್ನಣ್ಣ ಬರುವುದಿಲ್ಲ ಅಂದರೆ? ನನಗೆ ಅನ್ನಿಸಿದ್ದು ಅವನು ಬರಬಾರದು ಎಂದೇ. ನಾನಾಗಿದ್ದರೆ ಬರುತ್ತಿರಲಿಲ್ಲ.

ಅವನು ತಿರುವಿನಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದ. ಎದುರಿಗೆ ಲಾರಿಗಳ ಸಾಲು. ನಾನು ಹತ್ತಿರ ಹೋಗಿ, "ಹೊನ್ನಣ್ಣ, ಒಡ್ಡು..." ಅಂದೆ. 

"ಎಲ್ಲಿ? ಕೇದಿಗೆ ಹಿಂಡಿನ ಬುಡದಲ್ಲಾ?"

ತಲೆಯಾಡಿಸಿದೆ. ಅವನು ಒಂದು ಕ್ಷಣ ಕಣ್ಣು ಮುಚ್ಚಿದ. ಬಾವುಟಗಳನ್ನು ಪಕ್ಕದ ಚಾ ಅಂಗಡಿಯವನ ಕೈಗೆ ಕೊಟ್ಟು, ಲಾರಿಗಳು ಹಾರ್ನು ಬಡಿಯುತ್ತಿರುವಾಗಲೇ ಸ್ಕೂಟರ್ ಹತ್ತಿದ. ನಾನು ಬಸ್ಸಿಗೆ ಕಾದು ಹಿಂದಿನಿಂದ ಬಂದೆ.

ನಾನು ಬರುವಷ್ಟರಲ್ಲಿ ಅವನು ಸೊಂಟದ ಮಟ್ಟದ ನೀರಿನಲ್ಲಿದ್ದ. ಬಿದಿರಿನ ಗೂಟಗಳನ್ನು ಎರಡು ಸಾಲಾಗಿ ಹೊಡೆಸಿ, ನಡುವೆ ತೆಂಗಿನ ಗರಿ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಜೇಡಿಮಣ್ಣು. ಮಣ್ಣು ಹೊರಲು ಹೆಂಗಸರು ಸಾಲು ನಿಂತೆವು. ಅತ್ತೆ ಜಾನಕಿ ಎಪ್ಪತ್ತರ ಪ್ರಾಯದಲ್ಲೂ ಬುಟ್ಟಿ ದಾಟಿಸಿದರು. ಪುಟ್ಟುಮಾವ ನೀರಿಗಿಳಿದು ಹೊನ್ನಣ್ಣ ಹೇಳಿದಲ್ಲಿ ಗೂಟ ಹಿಡಿದ.  ಐದೂವರೆಗೆ ಬಾಯಿ ಮುಚ್ಚಿತು. ಆಮೇಲೆ ಹೊನ್ನಣ್ಣ ಬಾಗಿಲಿಗೆ ಹೋಗಿ, ತಗಡನ್ನು ಪೂರ್ತಿ ಎತ್ತಿ ಬಿದಿರು ಕೊಟ್ಟು ನಿಲ್ಲಿಸಿದ. ಗದ್ದೆಯ ಉಪ್ಪುನೀರು ಭರ್ರನೆ ನದಿಗೆ ಹೋಯಿತು. ತನ್ನಷ್ಟಕ್ಕೆ ಬಿಟ್ಟಿದ್ದರೆ ಆ ಬಾಗಿಲು ಸಂದಿ ಮಾಡಿಕೊಂಡು ನಿಧಾನಕ್ಕೆ ಬಿಡುತ್ತಿತ್ತು. ಭರತ ತಿರುಗುವ ಹೊತ್ತಿಗೆ ಬಿದಿರು ಎಳೆದ.

ಕಗ್ಗ ತಡೆದುಕೊಂಡಿತು. ತಗ್ಗಿನ ಏಳು ಗದ್ದೆ ಮಾತ್ರ ಹೋದವು. ಅದರಲ್ಲಿ ನಮ್ಮದೂ ಒಂದು. ನಮ್ಮದೂ ಹೋಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು ಅಂದರೆ ನೀವು ನಂಬಬೇಕು.

ವಾರದ ಮೇಲೆ ಸಭೆ. ಬಾಗಿಲ ಪಾಲು ತಿರುಗಿ ಕೊಡಬೇಕೆಂದು ಪುಟ್ಟುಮಾವನೇ ಹೇಳಿದ, ನೆಲ ನೋಡಿಕೊಂಡು. ಎಲ್ಲರೂ ಒಪ್ಪಿದರು. ಠರಾವು ಬರೆಯಲು ಕೂತೆ, ಪೆನ್ನು ಓಡಲಿಲ್ಲ. ಯಾವ ಕೆಲಸಕ್ಕೆ ಪಾಲು ಎಂದು ಬರೆಯುವುದು? ಬಾಗಿಲು ಮುಚ್ಚುವುದಕ್ಕಲ್ಲ, ಅದು ಮುಚ್ಚುತ್ತದೆ. ಹೊನ್ನಣ್ಣನನ್ನೇ ಕೇಳಿದೆ.  "ನಾಳೆ ಬಾ ತಂಗೀ, ನಡ್ಕಂಡು ಹೋಗ್ವ. ನೀನೇ ಕಂಡು ಬರ್ಕ," ಅಂದ.

ಮರುದಿನ ಮಧ್ಯಾಹ್ನ, ಭರತ ಏರುವ ಮೊದಲು, ನೋಟುಬುಕ್ಕು ಹಿಡಿದು ಅವನ ಹಿಂದೆ ಒಡ್ಡು ಹತ್ತಿದೆ. ಅವನು ಬೀಡಿ ಹೊತ್ತಿಸಿ, ಮಗಳಿಗೆ ಬಂದ ಸಂಬಂಧದ ಕಥೆ ಹೇಳುತ್ತ ಹೊರಟ. ಇಪ್ಪತ್ತು ಮೂವತ್ತು ಹೆಜ್ಜೆಗೆ ಒಮ್ಮೆ ಎಡಗಾಲು ಪಕ್ಕಕ್ಕೆ ಹೋಗುತ್ತಿತ್ತು, ಒಂದಿಷ್ಟು ಮಣ್ಣು ತಳ್ಳುತ್ತಿತ್ತು, ಹಿಮ್ಮಡಿ ಒತ್ತಿ ತಿರುಗುತ್ತಿತ್ತು. ಕಥೆ ನಿಲ್ಲುತ್ತಿರಲಿಲ್ಲ.

"ಈಗ ಎಂತಾ ಮಾಡಿದ್ರಿ?" ಎಂದು ಕೇಳಿದೆ.

"ಯಾವಾಗೆ?"

"ಈಗ. ಕಾಲಲ್ಲಿ."

ಅವನು ತಿರುಗಿ ನೋಡಿದ. ಅವನ ಹಿಮ್ಮಡಿಯ ಗುರುತಿನ ಕೆಳಗೆ ಮುಚ್ಚಿಹೋದ ಏಡಿ ತೂತು. "ಎಂತದೂ ಇಲ್ವಲೆ," ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಾನು ಎಣಿಸಿದೆ. ಬಾಗಿಲು ಮುಟ್ಟುವುದರೊಳಗೆ ಅರವತ್ತೊಂದು ತೂತು ಮುಚ್ಚಿದ್ದ. ದಿನಕ್ಕೆರಡು ಸಲ, ನಲವತ್ತು ವರ್ಷ. ಹಿಂದಿನ ವರ್ಷದ ಆ ಬಂಗಾರದಂಥ ಬೆಳೆ ಬಾಗಿಲಿನದು ಎಂದು ನಾವು ಫೋಟೊ ತೆಗೆಸಿಕೊಂಡಿದ್ದೆವು. ತನ್ನಷ್ಟಕ್ಕೆ ನಡೆಯುತ್ತಿದ್ದದ್ದು ಬಾಗಿಲೊಂದೇ ಅಲ್ಲ, ಪಾಲೂ ಇಲ್ಲದೆ, ಹೆಸರೂ ಇಲ್ಲದೆ ಹೊನ್ನಣ್ಣನೂ ನಡೆಯುತ್ತಿದ್ದ.

ಬಾಗಿಲ ಹತ್ತಿರ ಕೂತು ಇನ್ನೊಂದು ಬೀಡಿ ತೆಗೆದ. ಹೊತ್ತಿಸುವ ಮೊದಲು ಬಗ್ಗಿ ತಗಡಿನ ಸಂದಿಯಿಂದ ಒಂದು ಒಣ ಕೊಂಬೆ ಎಳೆದು ನದಿಗೆ ಎಸೆದ. 

"ಇದು ಎಲ್ಲಿಂದ ಬಂತು?"

"ಹೊಳೆ ತತ್ತದೆ. ಮಳೆಗಾಲದಲ್ಲಿ ಸಿಕ್ಕೂದೇಯ. ಸುಮಾರು ಗದ್ದೆ ನೀರೇ ತಳ್ಕಂಡು ಹೋಗ್ತದೆ, ಅಪರೂಪಕ್ಕೆ ಒಂದು ಕೈಯಲ್ಲೇ ತೆಗೀಬೇಕು. ಅವತ್ತು ಪುಟ್ಟಣ್ಣಗೆ ಸಿಕ್ಕಿತ್ತಲೆ, ಹಿಂದಿನ ದಿನ ನಮ್ಮ ಬೀರಿಯ ಅಣ್ಣನ ಮನೆ ಊಟ ಇತ್ತು. ಬರೂಕೆ ಆಗ್ಲಿಲ್ಲ."

ಅವನು ಅಲ್ಲಿದ್ದ ಎಂಬುದಕ್ಕೆ ಸಾಕ್ಷಿ ಎಂದು ಊರೆಲ್ಲ ಹಿಡಿದುಕೊಂಡು ತಿರುಗಿದ ಕೋಲು, ಅವನು ಒಂದು ದಿನ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿತ್ತು. ನಾನು ನೋಟುಬುಕ್ಕು ಮುಚ್ಚಿದೆ. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಕೇಳಲೇಬೇಕಿತ್ತು.

"ಹೊನ್ನಣ್ಣ, ಕೇದಿಗೆ ಹಿಂಡಿನ ಬುಡ ಮೆತ್ತಗಿದ್ದದ್ದು ನಿಮ್ಗೆ ಗೊತ್ತಿತ್ತು. ನನ್ನ ಮೇಲಿನ ಸಿಟ್ಟಿಗೆ ಸುಮ್ನಾದ್ರಾ? ಸಿಟ್ಟು ಮಾಡಿದ್ರೂ ತಪ್ಪಿಲ್ಲ. ಆದ್ರೆ ನಂಗೆ ಹೇಳಿ."

ಅವನಿಗೆ ನಿಜವಾಗಿ ಆಶ್ಚರ್ಯವಾಯಿತು. "ಸಿಟ್ಟಾ? ಎಂತಕೆ? ನಾ ಕೇಳಿದ್ದೆ ಅಲಾ ತಂಗೀ ಅವತ್ತು, ಆ ಬದಿಗೂ ಅದೇಯಾ ಅಂತ. ಎಲ್ಲಾ ಅದೇ ನೋಡ್ಕಂತದೆ ಅಂದಿ ನೀನು. ಬಾಗ್ಲು ತನ್ನಷ್ಟಕ್ಕೆ ಮುಚ್ಚೂ ಹಾಂಗೆ ಮಾಡಿದೋರು ಒಡ್ಡಿಗೆ ಎಂತಾರು ಮಾಡ್ದೇ ಬಿಡ್ತ್ರಾ ಅಂದ್ಕಂಡೆ." ಬೀಡಿ ಹೊತ್ತಿಸಿ ಹೊಗೆ ಬಿಟ್ಟ. "ಅವತ್ತು ರಾತ್ರೆ ಚಲೋ ನಿದ್ದೆ ಬಂತು ಮಾರಾಯ್ತಿ. ಅಪ್ಪ ಸತ್ತ ಮೇಲೆ ಅಂಥಾ ನಿದ್ದೆ ಬಂದಿರ್ಲಿಲ್ಲ."

ಸಿಟ್ಟು ಮಾಡಿದ್ದೆ ಅಂದಿದ್ದರೆ ನಾನು ಕ್ಷಮೆ ಕೇಳಿ ಮನೆಗೆ ಹೋಗುತ್ತಿದ್ದೆ. ನನ್ನ ಮಾತು ನಂಬಿ ನಿಶ್ಚಿಂತೆಯಿಂದ ಮಲಗಿದವನ ಹತ್ತಿರ ಏನು ಕೇಳಲಿ? ಅವನು ಕೇಳಿದ್ದು ಮೂರೇ ಶಬ್ದ. ಯಾವ ಬದಿ ಹೊನ್ನಣ್ಣ ಎಂದು ತಿರುಗಿ ಕೇಳಲು ನನಗೆ ಒಂದು ಬಸ್ಸು ತಪ್ಪಿಸಿಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಅವನು ನೋಡಿಯೂ ನೋಡದ ಹಾಗೆ ನದಿಯ ಕಡೆ ತಿರುಗಿದ.

ನದಿ ಏರತೊಡಗಿತ್ತು. ಕಬ್ಬಿಣದ ಬಾಗಿಲು ಢಬ್ ಎಂದು ಮುಚ್ಚಿಕೊಂಡಿತು. ಹೊನ್ನಣ್ಣ ಎದ್ದು ಲುಂಗಿ ಕೊಡವಿದ.

"ನಡಿ ತಂಗೀ, ತಿರುಗಿ ಹೋಗ್ವ. ಕಾಲ ಬುಡ ಕಂಡ್ಕ, ಅಲ್ಲೊಂದದೆ."

ನೋಡಿದೆ. ನನ್ನ ಚಪ್ಪಲಿಯ ಪಕ್ಕದಲ್ಲೇ, ಎರಡು ಬೆರಳು ಅಗಲದ ತೂತು. ಬರುವಾಗ ಅದನ್ನು ದಾಟಿಯೇ ಬಂದಿದ್ದೆ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಮಣ್ಣು ತಳ್ಳಿ, ಹಿಮ್ಮಡಿಯಿಂದ ಒತ್ತಿ ತುಳಿದೆ.